ಹುಣಸಿಹಾಳದ ಗಾಡಿ ತಡವಾದ ದಿನ

ನೀರಲಕೊಪ್ಪದ ರೈಲು ನಿಲ್ದಾಣದಲ್ಲಿ ಈಶಪ್ಪ ಮಾಸ್ತರರು ಹದಿನೇಳು ವರ್ಷ ಕೆಲಸ ಮಾಡಿದರು. ಗದಗಿನಿಂದ ಕೊಪ್ಪಳದ ಕಡೆ ಹೋಗುವ ಹಳಿಯ ಮೇಲೆ, ಆಗಿನ ಮುಂಬಯಿ ಪ್ರಾಂತದ ಕೊನೆಯ ನಿಲ್ದಾಣ ಅದು. ಅಲ್ಲಿಂದ ಎರಡು ಮೈಲು ಮುಂದೆ ಒಂದು ಹಳ್ಳ. ಹಳ್ಳದಾಚೆ ನಿಜಾಮರ ಸೀಮೆ. ಇನ್ನೂ ಐದು ಮೈಲು ಹೋದರೆ ಹುಣಸಿಹಾಳ ನಿಲ್ದಾಣ. ಎರಡನ್ನೂ ರೈಲು ಕಂಪನಿಯವರು ಒಂದೇ ವರ್ಷ, ಒಂದೇ ನಕ್ಷೆಯಲ್ಲಿ ಕಟ್ಟಿಸಿದ್ದರು. ಕರಿಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಕಲ್ಲು ಹಾಸಿದ ಉದ್ದನೆಯ ಕಟ್ಟೆ, ಕಟ್ಟೆಯ ತುದಿಗೊಂದು ಬೇವಿನ ಗಿಡ. ದಿನಕ್ಕೆ ಎರಡು ಪ್ಯಾಸೆಂಜರ್ ಗಾಡಿ ಹೋಗುತ್ತಿದ್ದವು, ಎರಡು ಬರುತ್ತಿದ್ದವು. ಮೇಲ್ ಗಾಡಿ ನಿಲ್ಲದೆ ಧೂಳೆಬ್ಬಿಸಿ ಹೋಗುತ್ತಿತ್ತು.

ಈಶಪ್ಪ ಶಿರಹಟ್ಟಿಯವರು. ಹುಣಸಿಹಾಳದ ಮಾಸ್ತರ ರಹಮಾನಸಾಬ ಲಕ್ಷ್ಮೇಶ್ವರದವರು. ಎತ್ತಿನ ಗಾಡಿಯಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಒಂದೂರಿನಿಂದ ಇನ್ನೊಂದೂರು ಸೇರಬಹುದು. ಆದರೂ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವರ ಗೆಳೆತನವೆಲ್ಲ ತಂತಿಯ ಮೇಲೆ.

ಅದು ಒಂಟಿ ಹಳಿ. ಒಂದು ನಿಲ್ದಾಣದಿಂದ ಗಾಡಿ ಬಿಡಬೇಕಾದರೆ ಮುಂದಿನ ನಿಲ್ದಾಣದವರನ್ನು ತಂತಿಯಲ್ಲಿ ಕೇಳಬೇಕು, ಹಳಿ ಖಾಲಿ ಇದೆಯೇ ಎಂದು. ಇದೆ ಎಂದು ಅವರು ಕೊಡುವ ಒಪ್ಪಿಗೆಗೆ ಲೈನ್ ಕ್ಲಿಯರ್ ಎನ್ನುತ್ತಿದ್ದರು. ಅದು ಸಿಗದೆ ಗಾಡಿ ಕದಲುವಂತಿಲ್ಲ. ಹೀಗೆ ದಿನಕ್ಕೆ ಏಳೆಂಟು ಸಲ ಇಬ್ಬರೂ ತಂತಿಯ ಕೀಲಿಯನ್ನು ಟಕಟಕ ಎಂದು ಒತ್ತಬೇಕಾಗುತ್ತಿತ್ತು. ಕೆಲಸ ಮುಗಿದ ಮೇಲೂ ಕೀಲಿ ಸುಮ್ಮನಿರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳನ್ನೇ ಕೂಡಿಸಿ ಕನ್ನಡ ಮಾತು ಕಟ್ಟುತ್ತಿದ್ದರು. ಊಟ ಆಯಿತೇ, ಮಳೆ ಬಂತೇ, ಲಕ್ಷ್ಮೇಶ್ವರದ ಸಂತೆಯಲ್ಲಿ ಜೋಳದ ಧಾರಣೆ ಏನು. ಈಶಪ್ಪನವರ ತಾಯಿ ಹನಮವ್ವನನ್ನು ಎಡಗಣ್ಣಿನ ಪೊರೆ ತೆಗೆಸಲು ಮಿರಜಿಗೆ ಕರೆದೊಯ್ದಾಗ, ಪಟ್ಟಿ ಬಿಚ್ಚಿದ ದಿನ ಆಕೆ ಮೊದಲು ಏನು ನೋಡಿದಳೆಂಬುದನ್ನು ಅವರು ಹೆಂಡತಿಗೆ ಹೇಳಿದ ಮರುಗಳಿಗೆಗೆ ರಹಮಾನಸಾಬರಿಗೂ ಹೇಳಿದ್ದರು.

ತಂತಿ ಬಲ್ಲವರಿಗೆ ಪ್ರತಿಯೊಬ್ಬನ ಕೈಯೂ ಬೇರೆ ಎಂದು ಗೊತ್ತು. ರಹಮಾನಸಾಬರ ಕೈ ನಿಧಾನ, ಹದವಾದದ್ದು. ಕೊನೆಯ ಅಕ್ಷರವನ್ನು ಬಿಡಲು ಮನಸ್ಸಿಲ್ಲದವರಂತೆ ಎಳೆದು ನಿಲ್ಲಿಸುತ್ತಿದ್ದರು. ಅಡುಗೆಮನೆಯಲ್ಲಿದ್ದ ಈಶಪ್ಪನವರ ಹೆಂಡತಿ ಸುಮಿತ್ರವ್ವನಿಗೂ ಕಿವಿಯ ಮೇಲೆ ಅದು ಬಿದ್ದರೆ ತಿಳಿಯುತ್ತಿತ್ತು.

ನಲವತ್ತೇಳರ ಆಗಸ್ಟ್ ಹದಿನೈದಕ್ಕೆ ನೀರಲಕೊಪ್ಪದ ನಿಲ್ದಾಣದ ಮೇಲೆ ಬಾವುಟ ಏರಿತು. ಪೋರ್ಟರ್ ಉಡಚಪ್ಪ ಎಲ್ಲರಿಗೂ ಬೆಲ್ಲ ಹಂಚಿದ. ಆದರೆ ಹಳ್ಳದಾಚೆ ಬಾವುಟ ಏರಲಿಲ್ಲ. ಹೈದರಾಬಾದು ಹಿಂದೂಸ್ಥಾನಕ್ಕೆ ಸೇರುವುದಿಲ್ಲ ಎಂದು ನಿಜಾಮ ಸರಕಾರ ಪಟ್ಟು ಹಿಡಿದಿತ್ತು. ಅಲ್ಲಿ ರಜಾಕಾರರೆಂಬ ಹತಾರದ ಗುಂಪುಗಳು ಊರೂರು ತಿರುಗತೊಡಗಿದವು. ಇತ್ತ ಮುಂಡರಗಿ, ಗದಗಿನಲ್ಲಿ ಅವರ ಎದುರು ಹೋರಾಡುವವರ ಶಿಬಿರಗಳು ಎದ್ದವು. ಆ ಕಡೆಯಿಂದ ಬರುವ ಗಾಡಿಗಳಲ್ಲಿ ಹಾಸಿಗೆ, ಪಾತ್ರೆ, ಕೋಳಿಗಳ ಸಮೇತ ಮಂದಿ ತುಂಬಿ ಬರತೊಡಗಿದರು. ಗದಗ-ಬೆಟಗೇರಿಯ ಧರ್ಮಶಾಲೆಗಳು ತುಂಬಿ, ಅರಳೆ ಗೋದಾಮುಗಳಲ್ಲಿ ಒಲೆ ಹೂಡಿದರು.

ತಂತಿಯ ಮೇಲಿನ ಹರಟೆ ನಿಂತುಹೋಯಿತು. ಒಂದು ದಿನ ರಹಮಾನಸಾಬರೇ ಚುಟುಕಾಗಿ ಹೇಳಿದ್ದರು: "ಹೆಚ್ಚು ಮಾತಾಡಬ್ಯಾಡ್ರಿ. ನನ್ನ ಹಿಂದ ಮಂದಿ ಬಂದು ಕುಂಡ್ರತಾರ." ಅವರ ಅಸಿಸ್ಟೆಂಟು ಕೆಲಸ ಬಿಟ್ಟು ಓಡಿಹೋಗಿದ್ದ. ಹಗಲೂ ರಾತ್ರಿ ಅವರೊಬ್ಬರೇ.

ಮರುವರ್ಷದ ವೈಶಾಖದಲ್ಲಿ ಆ ಮಂಗಳವಾರ ಬಂತು.

ಗದಗಿನ ಕಡೆ ಬರುವ ಪ್ಯಾಸೆಂಜರು ಹುಣಸಿಹಾಳ ಬಿಡುವುದು ಹನ್ನೊಂದೂ ಹತ್ತಕ್ಕೆ. ಹನ್ನೊಂದು ಹೊಡೆದಾಗ ಕೀಲಿ ಟಕ್ಕೆಂದಿತು. ಈಶಪ್ಪ ಪೆನ್ಸಿಲು ತೆಗೆದುಕೊಂಡು ಕಿವಿಗೊಟ್ಟರು. ಅದು ರಹಮಾನಸಾಬರ ಕೈ ಅಲ್ಲ. ಅಕ್ಷರಗಳು ಮುಗ್ಗರಿಸುತ್ತಿದ್ದವು, ಒಂದು ಗಿಡ್ಡ ಒಂದು ಉದ್ದ. ನಿನ್ನೆ ಮೊನ್ನೆ ತಂತಿ ಕಲಿತವನ ಹಾಗೆ. ಕೇಳಿದ್ದು ಮಾತ್ರ ಸರಿಯಾಗಿಯೇ ಇತ್ತು: ಪ್ಯಾಸೆಂಜರಿಗೆ ಲೈನ್ ಕ್ಲಿಯರ್ ಕೊಡಿ.

"ಯಾರು?" ಎಂದು ಈಶಪ್ಪ ಕೇಳಿದರು.

"ಸ್ಟೇಷನ್ ಮಾಸ್ತರ."

ಉಡಚಪ್ಪ ಬಾಗಿಲಲ್ಲಿ ನಿಂತಿದ್ದ. "ಮಾಸ್ತರ್ರ, ಟಾಯಿಮ್ ಆತಲ್ರಿ. ಗಂಟಿ ಹೊಡೀಲೇನ್ರಿ?"

"ತಡಿ ಉಡಚಪ್ಪ. ಅಲ್ಲಿ ಕುಂತಾವ್ರು ರಹಮಾನಸಾಬ್ರ ಅಲ್ಲ."

"ಅದ್ಹೆಂಗ ಗೊತ್ತಾತ್ರಿ?"

"ಕೈ ಬ್ಯಾರೆ ಐತಿ."

ಹಿಂದಿನ ವಾರದಿಂದ ಒಂದು ಸುದ್ದಿ ಹಬ್ಬಿತ್ತು. ರಜಾಕಾರರು ಹುಣಸಿಹಾಳ ನಿಲ್ದಾಣ ಹಿಡಿದು, ಗಾಡಿ ತುಂಬ ತಮ್ಮವರನ್ನು ತುಂಬಿಕೊಂಡು ಗಡಿ ದಾಟಿ ಬರುತ್ತಾರಂತೆ. ಗಡಿಯ ಊರುಗಳನ್ನು ಸುಟ್ಟು ಮುಂಡರಗಿಯ ಶಿಬಿರದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರಂತೆ. ಈಶಪ್ಪ ಅದನ್ನು ನಂಬಿರಲಿಲ್ಲ. ಈಗ ಆ ಅಪರಿಚಿತ ಕೈ ಕೇಳಿದ ಮೇಲೆ ನಂಬಿಕೆ ಬಂತು.

"ಅವರ ಬಂದ್ರ ಏನ್ ಮಾಡೂದ್ರಿ?" ಎಂದ ಉಡಚಪ್ಪ. "ಇಲ್ಲಿ ಇರೋರು ನಾವಿಬ್ರು. ನಮ್ಮ ಹಂತ್ಯಾಕ ಎರಡು ಬಾವುಟ, ಒಂದು ಕಂದೀಲು."

ಈಶಪ್ಪ ಕೀಲಿ ಒತ್ತಿದರು: "ಸದ್ಯಕ್ಕೆ ಇಲ್ಲ. ಕಾಯಿರಿ."

ಐದು ನಿಮಿಷಕ್ಕೊಮ್ಮೆ ಹುಣಸಿಹಾಳ ಕೇಳುತ್ತಿತ್ತು. ಪ್ರತಿ ಸಲವೂ ಅದೇ ನಾಲ್ಕು ಮಾತು, ಅದೇ ಮುಗ್ಗರಿಸುವ ಕೈ. ಪ್ರತಿ ಸಲವೂ ಈಶಪ್ಪ ಕಾಯಿರಿ ಎಂದರು. ಗದಗಿಗೆ ತಂತಿ ಹೊಡೆದು ಏನು ಮಾಡಲಿ ಎಂದು ಕೇಳಿದರೆ, ಅಲ್ಲಿನವರು ತಡವಾಗುತ್ತಿರುವುದಕ್ಕೆ ಕಾರಣ ತಿಳಿಸಿ ಎಂದರು. ಕೈ ಬೇರೆ ಎಂಬುದನ್ನು ಕಾರಣವೆಂದು ಹೇಗೆ ಬರೆಯುವುದು? ಸುಮಿತ್ರವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲ ಹತ್ತಿರ ನಿಂತಳು.

"ರಹಮಾನಸಾಬ್ರಿಗೆ ಏನಾಗೇತ್ರಿ?"

"ಗೊತ್ತಿಲ್ಲ."

"ಕೇಳ್ರಲ್ಲ ಮತ್ತ."

"ಯಾರನ್ನ ಕೇಳಲಿ? ಅಲ್ಲಿ ಕುಂತಾಂವ ಯಾರೋ."

"ಅದನ್ನ ತಿಳಕೊಳ್ಳೂ ಹಂಗ ಕೇಳ್ರಿ."

ಆಗ ಈಶಪ್ಪನವರಿಗೆ ಹೊಳೆಯಿತು. ಗಡಿಯಾರದಲ್ಲಿ ಹನ್ನೊಂದೂ ಐವತ್ತಾಗುತ್ತ ಬಂದಿತ್ತು. ಅವರು ಕೇಳಿದರು: "ನನ್ನ ತಾಯಿಗೆ ಏನಾಗಿತ್ತು?"

ಉಡಚಪ್ಪ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದ. ಆಮೇಲೆ ಕೀಲಿ ಒಂದೊಂದೇ ಅಕ್ಷರ ಹೆಕ್ಕುತ್ತ ಹೇಳಿತು: "ಎಡಗಣ್ಣು. ಮಿರಜ. ಹನಮವ್ವ." ಅದರ ಹಿಂದೆಯೇ, "ಬಲಗೈ ಮುರಿದಿದೆ. ಗಾಡಿ ತುಂಬ ಮಕ್ಕಳು. ಜಲ್ದಿ."

ಈಶಪ್ಪ ಕೂಡಲೇ ಕೀಲಿ ಒತ್ತಿದರು. ಲೈನ್ ಕ್ಲಿಯರ್ ಕೊಟ್ಟರು.

ಗಾಡಿ ಹನ್ನೆರಡು ಹದಿನೈದಕ್ಕೆ ಬಂತು. ಮೆಟ್ಟಿಲು, ಕೊಂಡಿ, ಮಾಡು ಎಲ್ಲ ಕಡೆ ಮಂದಿ. ಹತಾರ ಹಿಡಿದವರು ಒಬ್ಬರೂ ಇರಲಿಲ್ಲ. ಹೆಂಗಸರು, ಮುದುಕರು, ಬಾಯಾರಿ ಅಳುವ ಕೂಸುಗಳು. ಉಡಚಪ್ಪ, ಸುಮಿತ್ರವ್ವ ಕೊಡಗಟ್ಟಲೆ ನೀರು ಹೊತ್ತರು. ಗಾರ್ಡು ಈಶಪ್ಪನವರ ಹತ್ತಿರ ಬಂದು ಬೆಳಗಿನದನ್ನೆಲ್ಲ ಹೇಳಿದ. ಐದು ಜನ ರಜಾಕಾರರು ಬಂದು, ತಮ್ಮ ದೊಡ್ಡ ಗುಂಪು ಬರುವವರೆಗೆ ಗಾಡಿ ಬಿಡಬೇಡ ಎಂದು ರಹಮಾನಸಾಬರಿಗೆ ಹೇಳಿದ್ದರು. ಬಿಡುತ್ತೇನೆ ಎಂದದ್ದಕ್ಕೆ ಅವರ ಬಲಗೈಯನ್ನು ಮೇಜಿನ ಮೇಲಿಟ್ಟು ಬಂದೂಕಿನ ಹಿಂಬದಿಯಿಂದ ಜಜ್ಜಿದರು. ಐದೇ ಜನ ಇದ್ದುದರಿಂದ ತುಂಬಿದ ಗಾಡಿಯ ಮೇಲೆ ಬೀಳುವ ಧೈರ್ಯ ಅವರಿಗಾಗಲಿಲ್ಲ. ಕೈ ಮುರಿದವನು ಇನ್ನು ತಂತಿ ಹೊಡೆಯಲಾರ ಎಂದುಕೊಂಡು, ಗುಂಪಿನ ದಾರಿ ಕಾಯುತ್ತ ಕಟ್ಟೆಯ ಮೇಲೆ ಕುಳಿತರು. ರಹಮಾನಸಾಬರು ಎಡಗೈಯಿಂದ ತಂತಿ ಹೊಡೆಯುತ್ತಿದ್ದರು.

"ಗುಂಪು ಬರೂದ್ರೊಳಗ ಗಾಡಿ ಬಿಟ್ಟಿವಿ, ದೇವರ ದೊಡ್ಡಾಂವ," ಎಂದ ಗಾರ್ಡು. "ಆದ್ರ ಗಾಡಿ ಹೊಂಡವಲ್ದು ಅಂತ ಅಂಜಿ ಐದಾರು ಮಂದಿ ಇಳದು ಹೊಲದಾಗ ಓಡಿದ್ರು. ಅವರ ಗತಿ ಏನಾತೋ."

ಗಾಡಿ ಗದಗಿಗೆ ಹೋಯಿತು. ಈಶಪ್ಪ ರಿಜಿಸ್ಟರಿನಲ್ಲಿ ನಲವತ್ತು ನಿಮಿಷದ ತಡಕ್ಕೆ ಕಾರಣ ಬರೆದರು: ತಂತಿ ಯಂತ್ರ ಕೆಟ್ಟಿತ್ತು.

ಮರುದಿನ ಮಧ್ಯಾಹ್ನ ಹಳಿಯ ಗುಂಟ ಒಬ್ಬಳು ಹೆಂಗಸು ನಡೆದುಬಂದಳು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಅಂಗಾಲು ಸೀಳಿ ಹೋಗಿತ್ತು. ಹೆಸರು ಕರಿಯವ್ವ. ಊರು ಹುಣಸಿಹಾಳದಿಂದ ಆಚೆ, ಯಲಬುರ್ಗಿಯ ದಾರಿಯಲ್ಲಿ. ಗಂಡ ಹೊಳೆಯಪ್ಪನೊಂದಿಗೆ ಗಾಡಿಯಿಂದಿಳಿದು ಓಡಿದ್ದಳು. ಎದುರಿಗೆ ಬಂದ ಗುಂಪು ಅವನನ್ನು ಹಿಡಿದುಕೊಂಡು ಹೋಯಿತು. ಅವಳು ಒಂದು ಕಣಿವೆಯ ಜಾಲಿ ಕಂಟಿಯಲ್ಲಿ ಅಡಗಿ ಉಳಿದಿದ್ದಳು.

"ಗಾಡಿ ನಿಂತ ಬಿಟ್ತು ನೋಡ್ರೀ ಯಕ್ಕಾ," ಎಂದಳು ಸುಮಿತ್ರವ್ವನಿಗೆ. "ಯಾಕ ನಿಂತು, ಯಾರು ನಿಂದ್ರಿಸಿದ್ರು, ಗೊತ್ತಾಗಲಿಲ್ಲ."

ಸುಮಿತ್ರವ್ವ ಗಂಡನ ಮುಖ ನೋಡಲಿಲ್ಲ. ಬಿಸಿನೀರು ಕಾಯಿಸಿ ಅವಳ ಕಾಲು ತೊಳೆದಳು. ರೊಟ್ಟಿ ಝುಣಕ ಕೊಟ್ಟಳು. ಕರಿಯವ್ವ ಗದಗಿನ ಧರ್ಮಶಾಲೆಗೆ ಹೋಗಲೊಪ್ಪಲಿಲ್ಲ. ಗಂಡ ಬಂದರೆ ಈ ಹಳಿಯ ಮೇಲೆಯೇ ಬರಬೇಕು ಎಂದಳು. ಹಿಂದಿನ ಖೋಲಿಯಲ್ಲಿ ಉಳಿದಳು. ವಾರ ಕಳೆಯುವುದರೊಳಗೆ ಗಾಡಿಗೆ ನೀರು ಕೊಡುವ ಕೆಲಸವನ್ನು ತಾನೇ ಹಿಡಿದಳು. ಆ ಕಡೆಯ ಗಾಡಿ ಬಂತೆಂದರೆ ಕೊಡ ಹೊತ್ತು ಮೊದಲ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ಹೋಗುತ್ತಿದ್ದಳು. ನೀರು ಹಾಕುವಾಗ ಕಣ್ಣು ಬೊಗಸೆಯ ಮೇಲಿರುತ್ತಿರಲಿಲ್ಲ, ಒಳಗೆ ಕುಳಿತವರ ಮುಖಗಳ ಮೇಲಿರುತ್ತಿತ್ತು. ಗಾಡಿ ಹೋದ ಮೇಲೆ ಮಾಸ್ತರರ ಕೋಣೆಯ ಹೂಜಿ ತುಂಬಿಸಿಟ್ಟು ಹೋಗುತ್ತಿದ್ದಳು.

ಈಶಪ್ಪ ಆ ಹೂಜಿಗೆ ಕೈ ಹಚ್ಚಲು ಹಿಂಜರಿಯುತ್ತಿದ್ದರು.

"ಆಕಿಗೆ ಹೇಳಿಬಿಡ್ಲೇನು?" ಎಂದು ಒಂದು ಸಂಜೆ ಹೆಂಡತಿಯನ್ನು ಕೇಳಿದರು.

"ಹೇಳಿ ನೀವು ಹಗರ ಆಕ್ಕೀರಿ," ಎಂದಳು ಸುಮಿತ್ರವ್ವ. "ಆಕಿ ಎಲ್ಲಿ ಹೋಗಬೇಕ್ರಿ? ಆಮ್ಯಾಲ ನಮ್ಮ ಮನಿ ರೊಟ್ಟಿ ಆಕಿಗೆ ಸೇರತೈತೇನು? ಗಂಡನ ಖಬರ ಬರಲಿ. ಆಮ್ಯಾಲ ಹೇಳ್ರಿ."

ಖಬರು ತರಿಸಿದವರು ರಹಮಾನಸಾಬರೇ. ಗಾಡಿ ನಡೆಸಲು ಬೇರೆ ಜನವಿಲ್ಲವೆಂದು ರಜಾಕಾರರು ಅವರನ್ನು ಜೀವಂತ ಬಿಟ್ಟಿದ್ದರು. ಎಡಗೈ ದಿನದಿನಕ್ಕೆ ಪಳಗುತ್ತಿತ್ತು. ಈಶಪ್ಪ ಹೊಳೆಯಪ್ಪನ ಹೆಸರು ಹೇಳಿ ಕೇಳಿದ ಇಪ್ಪತ್ತನೆಯ ದಿನಕ್ಕೆ, ಯಾರ ಯಾರ ಮೂಲಕವೋ ವಿಚಾರಿಸಿ ತಂತಿಯಲ್ಲಿ ತಿಳಿಸಿದರು: "ಜೀವಂತ ಇದ್ದಾನೆ. ಕೊಪ್ಪಳದ ಜೇಲು." ಅದನ್ನು ಕೇಳಿ ಕರಿಯವ್ವ ಬೇವಿನ ಗಿಡದ ಬುಡದಲ್ಲಿ ಹೋಗಿ ಕುಳಿತಳು. ಅಂದಿನಿಂದ ಆಕೆ ಸ್ವಲ್ಪ ಉಣ್ಣತೊಡಗಿದಳು.

ಆದರೆ ಈಶಪ್ಪ ಒಂದು ಮಾತನ್ನು ಮಾತ್ರ ತಂತಿಯ ಮೇಲೆ ಹೇಳಲಿಲ್ಲ. ಆ ದಿನ ನಾನು ನಿಮ್ಮನ್ನು ಗುರುತಿಸಲಿಲ್ಲ, ಕ್ಷಮಿಸಿ ಎಂದು. ಎಷ್ಟೋ ಸಲ ಕೀಲಿಗೆ ಬೆರಳು ಹಚ್ಚಿ ತೆಗೆದಿದ್ದರು.

ಭಾದ್ರಪದದಲ್ಲಿ ಹಿಂದೂಸ್ಥಾನದ ಸೈನ್ಯ ಹೈದರಾಬಾದಿನೊಳಗೆ ಹೋಯಿತು. ಐದು ದಿನಗಳಲ್ಲಿ ಎಲ್ಲ ಮುಗಿಯಿತು. ಗಾಡಿಗಳು ನಿಂತು ಮತ್ತೆ ಹೊರಟವು. ಹುಣಸಿಹಾಳದ ಕೀಲಿ ಮಾತ್ರ ಬೇರೆ ಕೈಯಲ್ಲಿ ಮಾತಾಡಿತು. ಈ ಸಲ ಈಶಪ್ಪ ಮೊದಲು ಕೇಳಿದ್ದೇ ಅದನ್ನು: ರಹಮಾನಸಾಬರೆಲ್ಲಿ?

"ಚಾವಡಿಯಲ್ಲಿ. ಸೈನ್ಯದವರು ಹಿಡಿದಿಟ್ಟಿದ್ದಾರೆ. ನಾಳೆ ವಿಚಾರಣೆ. ಆ ದಿನ ಗಾಡಿ ನಿಲ್ಲಿಸಿ ರಜಾಕಾರರಿಗೆ ನೆರವಾದವ ಅವನೇ ಎಂದು ಊರವರ ದೂರು."

ಈಶಪ್ಪ ಗದಗಿಗೆ ರಜೆ ಕೇಳಿ ತಂತಿ ಕೊಟ್ಟರು. ಬದಲಿ ಬಂದವನಿಗೆ ಕೋಣೆ ಒಪ್ಪಿಸಿ, ರಿಜಿಸ್ಟರು ಬಗಲಲ್ಲಿ ಇಟ್ಟುಕೊಂಡು ಮರುದಿನ ಬೆಳಗಿನ ಗಾಡಿ ಹತ್ತಿದರು. ಕರಿಯವ್ವ ಕೊಡ ಇಳಿಸಿ ತಾನೂ ಬಂದು ಹತ್ತಿದಳು. ಗಂಡ ಇದೇ ದಾರಿಯಲ್ಲಿ ಬರಬಹುದು, ಹುಣಸಿಹಾಳದಲ್ಲಿ ಕೇಳಿದರೆ ಗೊತ್ತಾಗಬಹುದು ಎಂದಳು. ಈಶಪ್ಪ ಬೇಡ ಎನ್ನಲಾರದೆ ಸರಿದು ಜಾಗ ಬಿಟ್ಟರು. ಹಳ್ಳದ ಸೇತುವೆ ದಾಟುವಾಗ ಆಕೆ ಕಿಟಕಿಗೆ ಮುಖ ಹಚ್ಚಿ ಹೊಲಗಳನ್ನೇ ನೋಡುತ್ತಿದ್ದಳು.

ಹುಣಸಿಹಾಳದ ಚಾವಡಿಯ ಮುಂದೆ ಇನ್ನೂರು ಮುನ್ನೂರು ಜನ ಸೇರಿದ್ದರು. ಒಳಗೆ ಕಂಬಕ್ಕೊರಗಿ ಏಳೆಂಟು ಜನ ಕುಳಿತಿದ್ದರು, ಎಲ್ಲರ ಗಡ್ಡವೂ ಬೆಳೆದಿತ್ತು. ಒಂಬತ್ತು ವರ್ಷದ ಗೆಳೆಯ ಅವರಲ್ಲಿ ಯಾರೆಂದು ಈಶಪ್ಪನವರಿಗೆ ತಿಳಿಯಲಿಲ್ಲ. ಮುಖಗಳನ್ನು ಬಿಟ್ಟು ಕೈಗಳನ್ನು ನೋಡಿದರು. ಒಬ್ಬರ ಬಲಗೈಯ ಬೆರಳು ಸೊಟ್ಟಗಾಗಿ ಮಡಚಿಕೊಂಡಿದ್ದವು. ತೆಳ್ಳಗಿನ, ಎತ್ತರದ ಮನುಷ್ಯ. ಈಶಪ್ಪ ಕಲ್ಪಿಸಿಕೊಂಡಿದ್ದಂತೆ ಇರಲಿಲ್ಲ.

ಮೇಜಿನ ಹಿಂದೆ ಒಬ್ಬ ಸೈನ್ಯದ ಅಧಿಕಾರಿ. ಅವನಿಗೆ ಕನ್ನಡ ಬಾರದು. ಪಕ್ಕದಲ್ಲಿ ಕೊಪ್ಪಳದ ಕಡೆಯ ಒಬ್ಬ ವಕೀಲರು ಎರಡೂ ಕಡೆಯ ಮಾತು ತಿಳಿಸುತ್ತಿದ್ದರು. ಊರವರ ಪರವಾಗಿ ಮಾತಾಡುತ್ತಿದ್ದವನು ಅಂದಪ್ಪ ಎಂಬವನು. ಆ ದಿನ ಗಾಡಿಯಿಂದ ಇಳಿದು ಓಡಿದ ಅವನ ತಮ್ಮ ಇನ್ನೂ ಜೇಲಿನಿಂದ ಬಂದಿರಲಿಲ್ಲ.

"ಸಾಹೇಬ್ರ, ಇವನ ಖೋಲ್ಯಾಗ ಅವರು ಕುಂತು ಚಾ ಕುಡೀತಿದ್ರು," ಎನ್ನುತ್ತಿದ್ದ ಅಂದಪ್ಪ. "ನಲವತ್ತು ಮಿನಿಟು ಗಾಡಿ ನಿಂದ್ರಿಸಿದ. ಅವರ ಮಂದಿ ಬರ್ಲಿ ಅಂತನ ನಿಂದ್ರಿಸಿದ. ಇಲ್ಲಂದ್ರ ನನ್ನ ತಮ್ಮ ಯಾಕ ಇಳೀತಿದ್ದ?"

ಈಶಪ್ಪ ಮುಂದೆ ಹೋದರು. ತಾವು ಯಾರೆಂದು ಹೇಳಿದರು.

"ಗಾಡಿ ನಿಂದ್ರಿಸಿದಾಂವ ನಾನ್ರಿ," ಎಂದರು. "ಅವರು ಹನ್ನೊಂದಕ್ಕ ಲೈನ್ ಕ್ಲಿಯರ್ ಕೇಳಿದ್ರು. ಎಂಟು ಹತ್ತು ಸಲ ಕೇಳಿದ್ರು. ನಾ ಕೊಡಲಿಲ್ಲ. ಅವರ ಬಲಗೈ ಮುರಿದಿತ್ತು, ಎಡಗೈಲೆ ಹೊಡದ್ರು. ನನಗ ಕೈ ಗುರ್ತ ಸಿಗಲಿಲ್ಲ. ರಜಾಕಾರರು ಕುಂತಾರ ಅಂತ ತಿಳದು ಕೊಡಲಿಲ್ಲ."

ವಕೀಲರು ರಿಜಿಸ್ಟರು ಕೈಗೆ ತೆಗೆದುಕೊಂಡು ಹಾಳೆ ತಿರುವಿದರು.

"ಮಾಸ್ತರ್ರ, ಇದರಾಗ ಯಂತ್ರ ಕೆಟ್ಟಿತ್ತು ಅಂತ ಬರದೈತಿ. ಕೆಟ್ಟ ಯಂತ್ರದಾಗ ನೀವು ಇಲ್ಲ ಅಂತ ಹೆಂಗ ಹೇಳಿದ್ರಿ?"

"ಯಂತ್ರ ಕೆಟ್ಟಿರಲಿಲ್ರಿ. ನಾ ಸುಳ್ಳು ಬರದೀನಿ."

"ಸರಕಾರಿ ರಿಜಿಸ್ಟರಿನಾಗ?"

"ಹೌದ್ರಿ."

"ಇದನ್ನ ನಿಮ್ಮ ಮ್ಯಾಲಿನವರಿಗೆ ತಿಳಸಬೇಕಾಕ್ಕೈತಿ, ಗೊತ್ತದನು?"

"ತಿಳಸ್ರಿ."

ಈಶಪ್ಪ ಹಿಂದೆ ತಿರುಗಿ ನೋಡಲಿಲ್ಲ. ಕರಿಯವ್ವ ಹಿಂದೆಯೇ ನಿಂತಿದ್ದಾಳೆ ಎಂದು ಗೊತ್ತಿತ್ತು. ಅಂದಪ್ಪ ಮಾತ್ರ ಬಿಡಲಿಲ್ಲ. ಗೆಳೆಯನನ್ನು ಉಳಿಸಲು ಮಾಸ್ತರ ಈಗ ಸುಳ್ಳು ಹೇಳುತ್ತಿದ್ದಾನೆ, ಒಮ್ಮೆ ಸುಳ್ಳು ಬರೆದವನ ಮಾತನ್ನು ಹೇಗೆ ನಂಬುವುದು ಎಂದ. ಅಧಿಕಾರಿಯೂ ಅನುಮಾನದಿಂದ ತಲೆಯಾಡಿಸಿದ.

ಆಗ ಕರಿಯವ್ವ ಗುಂಪನ್ನು ಸರಿಸಿ ಬಂದು ನಿಂತಳು. ಸೆರಗಿನ ತುದಿ ಕೈಯಲ್ಲಿ ಮುದ್ದೆಯಾಗಿತ್ತು.

"ನಾ ಆ ಗಾಡ್ಯಾಗ ಇದ್ದೆನ್ರಿ," ಎಂದಳು ರಹಮಾನಸಾಬರ ಕಡೆ ಕೈ ಮಾಡಿ. "ಈ ಸಾಹೇಬ್ರು ಒಳಗ ಓಡತಿದ್ರು, ಹೊರಗ ಬರತಿದ್ರು. ಹೊರಗ ಬಂದ್ರಂದ್ರ ಹೆಂಗಸರ ಡಬ್ಬಿ ಬಾಗಲಕ್ಕ ಬೆನ್ನು ಕೊಟ್ಟು ನಿಂದರತಿದ್ರು. ಕೈಗೆ ಹಸರ ಬಾವುಟ ಸುತ್ತಿದ್ರು, ಅದೆಲ್ಲ ನೆತ್ತರ ಆಗಿತ್ತು. ಆ ಬಂದೂಕಿನವರು ಹತ್ತಾಕ ಬಂದ್ರ, ನನ್ನ ದಾಟಿ ಹೋಗ್ರಿ ಅಂದ್ರು. ಇಳೀಬ್ಯಾಡ್ರಿ ಯವ್ವಾ, ಗಾಡಿ ಹೊಂಟೈತಿ ಅಂತ ನಮಗೂ ಹೇಳಿದ್ರು. ನಾವು ಕೇಳಲಿಲ್ಲ."

ಅಂದಪ್ಪ ಅವಳ ಹತ್ತಿರ ಬಂದ. "ನಿನ್ನ ಗಂಡನೂ ಹೋದನಂತಲ್ಲವಾ," ಎಂದ.

"ಹೋಗ್ಯಾನ. ಅದಕ್ಕ ಖರೆ ಹೇಳಾಕತ್ತೀನಿ."

ಅಂದಪ್ಪ ಮುಂಡಾಸು ತೆಗೆದು ಮುಖ ಒರೆಸಿಕೊಂಡು ಹಿಂದೆ ಸರಿದ. ಮಧ್ಯಾಹ್ನದ ಹೊತ್ತಿಗೆ ರಹಮಾನಸಾಬರನ್ನು ಬಿಟ್ಟರು.

ಚಾವಡಿಯ ಹೊರಗೆ ಇಬ್ಬರು ಮಾಸ್ತರರೂ ಎದುರುಬದುರು ನಿಂತರು. ರಹಮಾನಸಾಬರ ದನಿ ಇಷ್ಟು ಸಣ್ಣದೆಂದು ಈಶಪ್ಪನವರಿಗೆ ಅಂದೇ ಗೊತ್ತಾದದ್ದು.

"ನೀವು ಇಷ್ಟು ಗಿಡ್ಡ ಇದ್ದೀರಿ ಅಂತ ತಿಳದಿರಲಿಲ್ರಿ," ಎಂದರು ರಹಮಾನಸಾಬ.

ಈಶಪ್ಪನವರಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. "ತಪ್ಪಾತ್ರಿ," ಎಂದರು. "ನಲವತ್ತು ಮಿನಿಟು. ನಿಮ್ಮ ಕೈ ಮುರದಿರಬಹುದು ಅಂತ ನನ್ನ ತಲ್ಯಾಗ ಬರಲೇ ಇಲ್ಲ. ವೈರಿ ಅಂತ ಮೊದಲು ಬಂತು."

"ನನ್ನದೂ ತಪ್ಪು ಐತಿ. ಕೈ ಮುರದೈತಿ ಅಂತ ಮೊದಲ ಹೇಳಬೇಕಿತ್ತು. ಒಂದು ಅಕ್ಷರ ಒತ್ತಿದ್ರ ಕಣ್ಣಿಗೆ ಕತ್ತಲಿ ಬರತಿತ್ರಿ. ಎಷ್ಟು ಕಡಿಮಿ ಆಕ್ಕೈತಿ ಅಷ್ಟ ಹೊಡದೆ. ನೀವು ಕೊಟ್ಟ ಕೊಡತೀರಿ ಅಂತ ನಂಬಿದ್ದೆ."

ರಹಮಾನಸಾಬ ಎಡಗೈಯನ್ನು ಈಶಪ್ಪನವರ ಹೆಗಲ ಮೇಲಿಟ್ಟು, "ಬರ್ರಿ, ಮನಿಗೆ ಹೋಗೂಣು. ನಮ್ಮ ಮನಿಯಾಕಿ ಜೈಬುನ್ನೀಸಾ ದಾರಿ ನೋಡಾಕತ್ತಿರಬೇಕು," ಎಂದರು.

ಸಂಜೆಯ ಗಾಡಿ ಕಾಯುತ್ತ ಕರಿಯವ್ವ ಹುಣಸಿಹಾಳದ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಈಶಪ್ಪ ಹೋಗಿ ಸ್ವಲ್ಪ ದೂರದಲ್ಲಿ ನಿಂತರು.

"ಮೊದಲ ಹೇಳಬೇಕಿತ್ತವಾ ನಿನಗ," ಎಂದರು. "ನಾಕು ತಿಂಗಳಾತು. ಅಂಜಿ ಬಿಟ್ಟೆ."

ಆಕೆ ಹಳಿಯ ಕಡೆಯೇ ನೋಡುತ್ತಿದ್ದಳು.

"ಗಾಡಿ ನಿಂದ್ರಿಸಿದಾವ್ರಿಗೆ ದಿನಾ ಬೈದೀನ್ರಿ," ಎಂದಳು. "ನಿಮ್ಮ ಮನ್ಯಾಗ ಕುಂತು, ನಿಮ್ಮ ರೊಟ್ಟಿ ತಿಂದು, ನಿಮಗ ಬೈದೀನಿ. ಬ್ಯಾಡಂದ್ರೂ ಹೊಟ್ಟ್ಯಾಗಿಂದ ಬರತಿತ್ತು." ಮತ್ತೆ ಅಂದಳು: "ಆದ್ರ ಇನ್ನೊಂದು ಐತ್ರಿ, ಯಾರ ಮುಂದೂ ಹೇಳಿಲ್ಲ. ಇಳೀಬ್ಯಾಡ, ಆ ಸಾಹೇಬ್ರು ಹೇಳಾಕತ್ತಾರ, ಕುಂಡ್ರು ಅಂದ ನನ್ನ ಗಂಡ. ನನಗ ದಮ್ಮು ಹಿಡಿಲಿಲ್ಲ. ನಾನ ಕೈ ಹಿಡದು ಜಗ್ಗಿ ಇಳಿಸಿದೆ. ಹೊಲದಾಗ ಓಡಿದ್ದು ನನ್ನ ಕಾಲ, ಹಿಡದು ಒಯ್ದದ್ದು ಅವನ್ನ."

ಆಗ ಆಕೆ ಅತ್ತಳು. ನಾಲ್ಕು ತಿಂಗಳಲ್ಲಿ ಈಶಪ್ಪ ಆಕೆ ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಅವರೂ ಬಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ಗಾಡಿ ಬರುವವರೆಗೆ ಇಬ್ಬರೂ ಹಾಗೆಯೇ ಇದ್ದರು.

ನೀರಲಕೊಪ್ಪಕ್ಕೆ ಬಂದ ಮೇಲೆ ಎರಡು ದಿನ ಕರಿಯವ್ವ ಮಾಸ್ತರರ ಕೋಣೆಗೆ ನೀರು ತರಲಿಲ್ಲ. ಈಶಪ್ಪ ತಾವೇ ಹೋಗಿ ಸೇದಿಕೊಂಡು ಬಂದರು. ಮೂರನೆಯ ದಿನ ಹೂಜಿ ತುಂಬಿತ್ತು.

ಎಂಟನೆಯ ದಿನ ಮಧ್ಯಾಹ್ನದ ಗಾಡಿಯ ಕೊನೆಯ ಡಬ್ಬಿಯಿಂದ ಹೊಳೆಯಪ್ಪ ಇಳಿದ. ಮೈಯಲ್ಲಿ ಮಾಂಸವಿರಲಿಲ್ಲ, ಒಂದು ಕಿವಿ ಕೇಳಿಸುತ್ತಿರಲಿಲ್ಲ. ಕರಿಯವ್ವ ಮೊದಲ ಡಬ್ಬಿಯ ಹತ್ತಿರ ನೀರು ಹಾಕುತ್ತಿದ್ದಳು. ಅವನು ಕೂಗಲಿಲ್ಲ. ನೆಟ್ಟಗೆ ನಿಲ್ಲಲೂ ಆಗದೆ ಡಬ್ಬಿಯ ಗೋಡೆ ಹಿಡಿದು ಅವಳು ತನ್ನ ಕಡೆ ಬರುವುದನ್ನೇ ಕಾಯುತ್ತ ನಿಂತ. ಆಕೆ ಒಂದೊಂದೇ ಕಿಟಕಿ ದಾಟಿ ಬಂದು, ಅವನ ಮುಂದಿನ ಬೊಗಸೆಗಳಿಗೆಲ್ಲ ನೀರು ಹಾಕಿ ತಲೆಯೆತ್ತಿದಳು. ಉಡಚಪ್ಪ ಗಂಟೆ ಹೊಡೆಯುವುದನ್ನು ಮರೆತ. ಗಾಡಿ ಮೂರು ನಿಮಿಷ ತಡವಾಗಿ ಹೊರಟಿತು. ಅದಕ್ಕೆ ಈಶಪ್ಪ ರಿಜಿಸ್ಟರಿನಲ್ಲಿ ಬರೆದರು: ಪ್ರಯಾಣಿಕರೊಬ್ಬರು ಇಳಿಯುವುದು ತಡವಾಯಿತು.

ಸುಳ್ಳು ಬರೆದದ್ದಕ್ಕೆ ಮೇಲಿನವರು ಈಶಪ್ಪನವರ ಬಡ್ತಿ ತಡೆದರು. ಹಾಗಾಗಿ ದೊಡ್ಡ ನಿಲ್ದಾಣಕ್ಕೆ ಹೋಗದೆ ನೀರಲಕೊಪ್ಪದಲ್ಲಿಯೇ ಉಳಿದರು. ಅದಕ್ಕೆ ಅವರು ಬೇಸರಪಟ್ಟಿದ್ದನ್ನು ಯಾರೂ ಕಾಣಲಿಲ್ಲ. ರಹಮಾನಸಾಬರು ಎಡಗೈಯಿಂದ ತಂತಿ ಪರೀಕ್ಷೆ ಮತ್ತೊಮ್ಮೆ ಕಟ್ಟಿ ಹುಣಸಿಹಾಳಕ್ಕೇ ಮರಳಿದರು. ಹೊಳೆಯಪ್ಪ, ಕರಿಯವ್ವ ತಮ್ಮೂರಿಗೆ ಹೋಗಿ ಸುಟ್ಟ ಮನೆಯನ್ನು ಮತ್ತೆ ಕಟ್ಟಿದರು. ಅಂದಪ್ಪನ ತಮ್ಮ ಮಾತ್ರ ತಿರುಗಿ ಬರಲಿಲ್ಲ.

ಐವತ್ತಾರರ ನವೆಂಬರ್ ಒಂದಕ್ಕೆ ಹಳ್ಳದ ಎರಡೂ ದಂಡೆ ಒಂದೇ ರಾಜ್ಯವಾಯಿತು. ಗದಗಿನಲ್ಲಿ ಮೆರವಣಿಗೆ ಇತ್ತು. ಎಲ್ಲರೂ ಅತ್ತ ಹೋಗುವ ಗಾಡಿ ಹತ್ತಿದರೆ, ಈಶಪ್ಪ ಒಂದು ದಿನದ ರಜೆ ಹಾಕಿ ಸುಮಿತ್ರವ್ವನೊಂದಿಗೆ ಇತ್ತ ಹುಣಸಿಹಾಳದ ಗಾಡಿ ಹತ್ತಿದರು. ಜೈಬುನ್ನೀಸಾ ಇವರಿಗೆಂದು ಹೊಸ ಪಾತ್ರೆಯಲ್ಲಿ ಹುಗ್ಗಿ ಮಾಡಿದ್ದಳು. ಕರಿಯವ್ವ ಒಂದು ಚೀಲ ಹಸಿ ಶೇಂಗಾ ಕಳಿಸಿದ್ದಳು. ನಾಲ್ವರೂ ಕಟ್ಟೆಯ ಮೇಲೆ ಬೇವಿನ ನೆರಳಿನಲ್ಲಿ ಕುಳಿತು ಶೇಂಗಾ ಸುಲಿಯುತ್ತ ಸಂಜೆಯವರೆಗೆ ಮಾತಾಡಿದರು. ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಿ ಯಾರ ಮನೆಯಲ್ಲಿ ಮದುವೆ, ಯಾರು ಹೊಲ ಮಾರಿದರು, ಹನಮವ್ವನ ಇನ್ನೊಂದು ಕಣ್ಣು ಹೇಗಿದೆ.

ಮರಳಿ ಹೋಗುವ ಗಾಡಿಯ ಗಂಟೆ ಹೊಡೆಯಿತು. ಈಶಪ್ಪ ಅಭ್ಯಾಸದಂತೆ ದಡಕ್ಕನೆ ಎದ್ದರು.

"ಕುಂಡ್ರಿ, ಕುಂಡ್ರಿ," ಎಂದರು ರಹಮಾನಸಾಬ. "ನಮ್ಮ ಅಸಿಸ್ಟೆಂಟ ನೋಡಕೋತಾನ. ಗಾಡಿ ಬರಾಕ ಇನ್ನೂ ಹೊತ್ತೈತಿ."

ಜೈಬುನ್ನೀಸಾ ಇನ್ನೊಂದು ಬೊಗಸೆ ಶೇಂಗಾ ತಂದು ಅವರ ಮುಂದೆ ಸುರಿದಳು.